ಬೀರಮ್ಮ ಹತ್ತದ ಮಂಚ

ನಾನು ಒಂದು ಮಂಚ. ಹಾಗೆ ಹೇಳಿಕೊಳ್ಳುವುದು ನನಗೆ ಈಗೀಗ ಅಭ್ಯಾಸವಾಗಿದೆ. ಹುಟ್ಟಿದ್ದು ಮಾತ್ರ ದೋಣಿಯಾಗಿ. ಕುಮಟೆಯಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ, ಹೊಳೆ ಕಡಲಿಗೆ ಸೇರುವ ಕಡೆ, ಅಳ್ವೆಕೇರಿ ಎಂಬ ಅಂಬಿಗರ ಕೇರಿಯಿದೆ. ಅಲ್ಲಿ ತೆಂಗಿನ ಗರಿಯ ಚಪ್ಪರದಡಿ ಪುಟ್ಟಾಚಾರಿ ನನ್ನನ್ನು ಮಾಡಿದ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದಿಗೆ ಹತ್ತಿ ತುಂಬಿ, ಮೈಗೆಲ್ಲ ಗೇರೆಣ್ಣೆ ಬಳಿದ. ಆ ವಾಸನೆಗೆ ಕಾಗೆಗಳೂ ನನ್ನ ಮೇಲೆ ಕೂರುತ್ತಿರಲಿಲ್ಲ. ಆದರೂ ಅವನು ದಿನಕ್ಕೆ ನಾಲ್ಕು ಸಲ ಹಿಂದೆ ಸರಿದು ನಿಂತು ನನ್ನನ್ನು ನೋಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ.

ನನ್ನನ್ನು ಮಾಡಿಸಿದವನು ಹೊನ್ನಯ್ಯ ಅಂಬಿಗ. ಆಗಷ್ಟೇ ಮದುವೆಯಾಗಿತ್ತು. ನೀರಿಗಿಳಿಸುವ ದಿನ ಅವನು ನನ್ನ ಮೂಗಿಗೆ, ಎಂದರೆ ಮುಂದೆ ಚಾಚಿದ ಮರದ ತುಂಡಿಗೆ, ಅರಸಿನದ ದಾರ ಕಟ್ಟಿ ತೆಂಗಿನಕಾಯಿ ಒಡೆದ. ಹೆಂಡತಿ ಬೀರಮ್ಮ ದೀಪ ಹಿಡಿದುಕೊಂಡು ದೂರದಲ್ಲೇ ನಿಂತಿದ್ದಳು. ಆಮೇಲೂ ಅಷ್ಟೇ. ದಿನಾ ಬುತ್ತಿ ತರುತ್ತಿದ್ದಳು, ಮೊಣಕಾಲುದ್ದ ನೀರಿಗಿಳಿದು ಕೈ ಚಾಚಿ ಗಂಡನಿಗೆ ಕೊಡುತ್ತಿದ್ದಳು, ಆದರೆ ನನ್ನ ಅಂಚಿಗೆ ಒಂದು ಬೆರಳನ್ನೂ ತಾಗಿಸುತ್ತಿರಲಿಲ್ಲ. ಇವಳಿಗೆ ಎಷ್ಟು ಸೊಕ್ಕು ಎಂದು ನಾನು ಮೊದಮೊದಲು ಮುನಿಸಿಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಸೊಕ್ಕಲ್ಲ, ಭಯ. ಹೆಂಡತಿ ಹತ್ತಿದ ದೋಣಿ ಗಂಡನನ್ನು ತಿರುಗಿ ತರುವುದಿಲ್ಲ ಎಂದು ಆ ಕೇರಿಯ ನಂಬಿಕೆ.

ಹೊನ್ನಯ್ಯ ಒಳ್ಳೆಯ ಯಜಮಾನ. ಬೆಳಗ್ಗೆ ಕಾಲು ತೊಳೆದುಕೊಂಡೇ ನನ್ನೊಳಗೆ ಇಳಿಯುತ್ತಿದ್ದ. ಬಲೆ ಬಿಟ್ಟು ಕಾಯುವಾಗ ನನ್ನ ಜೊತೆ ಮಾತಾಡುತ್ತಿದ್ದ, ಹೆಚ್ಚಾಗಿ ಮಗಳು ಮಾದೇವಿಯ ತಂಟೆಗಳನ್ನು. ನನಗೆ ಉತ್ತರ ಕೊಡಲು ಬರುವುದಿಲ್ಲ ಎಂಬುದು ಅವನಿಗೆ ಯಾವತ್ತೂ ಕೊರತೆ ಅನ್ನಿಸಲಿಲ್ಲ.

ಒಂದು ಚಳಿಗಾಲದ ದಿನ ಜೊತೆಗಾರನಿಗೆ ಜ್ವರ ಬಂದು ಹೊನ್ನಯ್ಯ ಒಬ್ಬನೇ ನನ್ನನ್ನು ತಳ್ಳಿಕೊಂಡು ಹೊರಟ. ಗಾಳಿಯಿಲ್ಲ, ಅಲೆಯಿಲ್ಲ, ಕಡಲು ಎಣ್ಣೆ ಹೊಯ್ದಂತೆ ಮಲಗಿತ್ತು. ಸಂಜೆಯ ಉಬ್ಬರದಲ್ಲಿ ನಾನು ಒಬ್ಬನೇ ದಡಕ್ಕೆ ಬಂದೆ. ಬಲೆ ಅರ್ಧ ನೀರಲ್ಲಿ, ಅರ್ಧ ನನ್ನೊಳಗೆ. ಬುತ್ತಿ ಬಿಚ್ಚಿರಲಿಲ್ಲ. ಕೇರಿಯ ನಾಲ್ಕು ಜನ ಬಂದು ನನ್ನನ್ನು ಮೇಲೆಳೆಯಲು ಹೋದರು, ಆಗಲಿಲ್ಲ. ಇನ್ನೂ ನಾಲ್ಕು ಜನ ಕೈ ಹಚ್ಚಿದರು. ಬರಿದಾದ ಪುಟ್ಟ ದೋಣಿ, ಒಳಗೆ ಒಂದು ಬೊಗಸೆ ನೀರೂ ಇಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಗೊತ್ತಿತ್ತು. ಬೆಳಗ್ಗೆ ನನ್ನೊಳಗೆ ಕೂತವನು ಎದ್ದು ಹೋಗಿದ್ದ, ಅವನ ಭಾರ ಮಾತ್ರ ಹೋಗಿರಲಿಲ್ಲ. ಅದು ಅವನು ಕೂರುತ್ತಿದ್ದ ಜಾಗದಲ್ಲೇ ಕೂತಿತ್ತು.

ಹುಡುಕಿದರು. ಹೆಣ ಸಿಗಲಿಲ್ಲ. ಇಂಥ ಸಾವಿಗೆ ಕೇರಿಯಲ್ಲಿ ಒಂದು ಕಟ್ಟಳೆಯಿದೆ. ದೋಣಿಯ ಮೂಗನ್ನು ಕೊಯ್ದು ವೀಳ್ಯದೆಲೆಯ ಜೊತೆ ಕಡಲಿಗೆ ಕೊಡಬೇಕು. ಅಲ್ಲಿಗೆ ದೋಣಿ ದೋಣಿಯಾಗಿ ಉಳಿಯುವುದಿಲ್ಲ, ಬರೀ ಮರ. ಹೋದವನನ್ನು ದಡದಲ್ಲಿ ನಿಂತು ಕರೆದು, ದರ್ಭೆಯ ಬೊಂಬೆ ಸುಟ್ಟು ಮುಗಿಸಬೇಕು. ಅಲ್ಲಿಗೆ ಅವನೂ ಸತ್ತಂತೆ. ಬೀರಮ್ಮ ಎರಡಕ್ಕೂ ಒಪ್ಪಲಿಲ್ಲ. ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ನನ್ನನ್ನು ಗಾಳಿಮರಗಳ ಕೆಳಗೆ ಕವುಚಿ ಹಾಕಿದರು. ಆ ಭಾರವನ್ನು ಹೊತ್ತುಕೊಂಡೇ ನಾನು ಮಳೆಗಾಲಗಳನ್ನು ಕಳೆದೆ.

ಬೀರಮ್ಮ ಮೀನು ಮಾರಿದಳು, ಅಳಿವೆಯಲ್ಲಿ ಬೆಳಚಿನ ಚಿಪ್ಪು ಹೆಕ್ಕಿದಳು. ಅಷ್ಟರಲ್ಲಿ ನಮ್ಮ ತೀರಕ್ಕೆ ಹೊರಗಿನ ಜನ ಬರತೊಡಗಿದರು. ಹೆಸರಾದ ಊರುಗಳ ಕಡಲಂಚಿನಲ್ಲಿ ಚಳಿಗಾಲ ಬಂತೆಂದರೆ ಕೋಣೆ ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಕೈಗೆಟುಕುವುದಿಲ್ಲ. ಹಾಗೆ ಅಲ್ಲಿಂದ ಜಾರಿದವರು ಹುಡುಕುತ್ತಾ ಹುಡುಕುತ್ತಾ ನಮ್ಮ ಕೇರಿಯ ಮಣ್ಣುದಾರಿಗೆ ಇಳಿಯುತ್ತಿದ್ದರು. "ಇಲ್ಲೆಲ್ಲಾದರೂ ಒಂದು ಸಾದಾ ಕೋಣೆ ಸಿಗುತ್ತದೆಯೇ? ಕಡಲು ಕಂಡರೆ ಸಾಕು." ಇದೇ ಮಾತು ಎಲ್ಲರ ಬಾಯಲ್ಲೂ. ಬೆಳೆದು ನಿಂತ ಮಾದೇವಿ ತಾಯಿಯ ಬೆನ್ನು ಬಿದ್ದಳು. ಅಂಗಳದಲ್ಲಿ ಚಿರೆಕಲ್ಲಿನ ಒಂದು ಕೋಣೆ ಎದ್ದಿತು, ಮೇಲೆ ಹಂಚು, ಹಿಂದೆ ಬಚ್ಚಲು, ಮುಂದೆ ಜಗಲಿ. ಕಿಟಕಿ ತೆರೆದರೆ ಮರಳು, ಮರಳಿನಾಚೆ ನೀರು. ಮಂಚವೊಂದು ಬೇಕಿತ್ತು. ಮಾದೇವಿಯ ಕಣ್ಣು ನನ್ನ ಮೇಲೆ ಬಿತ್ತು.

ಬೀರಮ್ಮ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಹೂಂ ಅಂದುಬಿಟ್ಟಳು. ಪುಟ್ಟಾಚಾರಿ ಮುದುಕನಾಗಿದ್ದ, ಉಳಿ ಹಿಡಿದು ಬಂದವನು ಮೊದಲು ನನ್ನ ಮೂಗಿಗೆ ಕೈ ಹಾಕಿದ.

"ಅದ್ನ ಮುಟ್ಬೇಡ," ಅಂದಳು ಬೀರಮ್ಮ.

"ಮೂಗು ಕಡಲಿಗೆ ಕೊಡ್ದೆ ದೋಣಿ ಬಿಚ್ಚೂಕೆ ಆಗೂದಿಲ್ಲ ಬೀರಮ್ಮ. ಬಿಚ್ಚಿ ಎಂತ ಮಾಡಿದ್ರೂ ಅದು ದೋಣಿನೇ."

"ದೋಣಿನೇ ಆಗಿರ್ಲಿ. ಅವ್ರು ಬಂದಾಗ ನನ್ನ ದೋಣಿ ಎಲ್ಲಿ ಅಂತ ಕೇಳೂದಿಲ್ವಾ?"

ಪುಟ್ಟಾಚಾರಿ ಮೂಗಿನಿಂದ ಕೈ ತೆಗೆದ. ಆಮೇಲೆ ನನಗೆ ನಾಲ್ಕು ಕಾಲು ಹಚ್ಚಿದ. ಮೂಗನ್ನು ಹಾಗೇ ಬಿಟ್ಟು ತಲೆಯ ಕಡೆಗೆ ಇಟ್ಟ, ಅದನ್ನು ಕಿಟಕಿಗೆ, ಕಡಲಿಗೆ ಎದುರಾಗಿ ನಿಲ್ಲಿಸಿದ. ಕೂಲಿ ತೆಗೆದುಕೊಳ್ಳದೆ ಹೋದ. ಕಾಲು ಬಂದರೂ ನಾನು ದೋಣಿಯಾಗಿಯೇ ಉಳಿದೆ.

ಬಾಡಿಗೆ ಬದುಕು ಶುರುವಾಯಿತು. ಎಂತೆಂಥ ಬೆನ್ನುಗಳನ್ನು ಹೊತ್ತಿದ್ದೇನೆ ನಾನು. ಬಂದ ಕೂಡಲೇ ಕೋಣೆ ಸಣ್ಣದಾಯಿತು ಎಂದು ಗೊಣಗುವವರು, ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಮಾತನ್ನು ಕೇಳಿಯೇ ಇಲ್ಲದವರು, ಮೈಯೆಲ್ಲ ಮರಳು ಮಾಡಿಕೊಂಡು ಹಾಗೇ ಬಂದು ಬೀಳುವವರು. ಒಳ್ಳೆಯವರೂ ಇದ್ದರು. ಬಿಸಿಲು ಏರುವತನಕ ಜಗಲಿಯಲ್ಲಿ ಕೂತು ನೀರು ನೋಡುವುದು, ಬೀರಮ್ಮನ ಮೀನುಸಾರು ಉಣ್ಣುವುದು, ಮತ್ತೆ ನೀರು ನೋಡುವುದು, ಅವರಿಗೆ ಬೇರೆ ಏನೂ ಬೇಕಿರಲಿಲ್ಲ. ಇಷ್ಟು ಅಗ್ಗಕ್ಕೆ ಇಂಥ ಜಾಗ ಉಂಟೇ ಎಂದು ಹೋಗುವಾಗ ಕೈ ಮುಗಿಯುತ್ತಿದ್ದರು. ಅಕ್ಕಪಕ್ಕದವರು ಬಾಡಿಗೆ ಏರಿಸು ಎಂದರೂ ಬೀರಮ್ಮ ಏರಿಸಲಿಲ್ಲ. ಜನ ಬರುವುದು ಅವಳಿಗೆ ಬೇಕಾಗಿತ್ತು, ಬಾಡಿಗೆಗೆ ಮಾತ್ರವಲ್ಲ.

ಏಕೆಂದರೆ ನನ್ನ ಮೇಲೆ ಮಲಗಿದವರೆಲ್ಲ, ಯಾರೂ ಹೇಳದೆ, ಗೋಡೆಯ ಕಡೆಗೆ ಒತ್ತರಿಸಿಕೊಂಡು ಮಲಗುತ್ತಿದ್ದರು. ಗಂಡ ಹೆಂಡತಿ ಬಂದರೂ ಅಷ್ಟೇ, ಒಂಟಿ ಬಂದರೂ ಅಷ್ಟೇ. ಇತ್ತ ಕಡೆ ಒಬ್ಬ ಆಳಿನಷ್ಟು ಜಾಗ ಖಾಲಿ. ಖಾಲಿ ಎಂದು ಅವರಿಗೆ ಕಾಣುತ್ತಿತ್ತು, ನನಗಲ್ಲ. ಬೆಳಗ್ಗೆ ಹಾಸಿಗೆ ಮಡಿಸುವಾಗ ಆ ಕಡೆಯ ಚಾದರವನ್ನು ಬೀರಮ್ಮ ಅಂಗೈಯಿಂದ ಒತ್ತಿ ನೋಡುತ್ತಿದ್ದಳು. ಅದು ತಣ್ಣಗೆ, ಸ್ವಲ್ಪ ಒದ್ದೆಯಾಗಿ ಇರುತ್ತಿತ್ತು. ಕೈ ಚಾಚಿ ಒತ್ತುತ್ತಿದ್ದಳೇ ಹೊರತು ನನ್ನ ಮೇಲೆ ಒಂದು ದಿನವೂ ಕೂರಲಿಲ್ಲ. ಅವಳಿಗೆ ನಾನು ದೋಣಿ.

ಅದಕ್ಕೇ ಅವಳು ಪರರ ನಿದ್ದೆಯನ್ನು ಕೇಳುತ್ತಿದ್ದಳು. ಬೆಳಗ್ಗೆ ಚಹಾ ಕೊಡುತ್ತಾ, "ನಿದ್ದೆ ಬಂತಾ? ಕನಸು ಬಿತ್ತಾ?" ಅನ್ನುವಳು. ಬಂದವರು ಅದನ್ನು ಉಪಚಾರದ ಮಾತೆಂದುಕೊಂಡು ಹೇಳುತ್ತಿದ್ದರು. ಯಾರೋ ಪಕ್ಕದಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಹಾಗೆ ಕಂಡಿತು ಎಂದು ಒಬ್ಬರು. ಕೊಂಚ ಆಚೆ ಸರಿ ಎಂದು ಯಾರೋ ಮೆಲ್ಲಗೆ ಹೇಳಿದರು ಎಂದು ಇನ್ನೊಬ್ಬರು. ದಾವಣಗೆರೆಯ ಒಬ್ಬ ಗುಮಾಸ್ತ, ಅದೇ ಮೊದಲು ಕಡಲು ಕಂಡವನು, ಮಧ್ಯಾಹ್ನದ ನಿದ್ದೆಯಲ್ಲಿ "ನೆತ್ತಿಕಲ್ಲಿನ ತೆಂಕಿಗೆ ಆಳ ಉಂಟು, ಬಲೆ ಅಲ್ಲಿ ಬಿಡೂದು" ಎಂದು ನಮ್ಮ ಕೇರಿಯ ಮಾತಿನಲ್ಲೇ ಗೊಣಗಿದ. ಬಾಗಿಲ ಹೊರಗೆ ಅಕ್ಕಿ ಆರಿಸುತ್ತಿದ್ದ ಬೀರಮ್ಮನ ಮೊರ ಕೈಯಿಂದ ಜಾರಿತು. ನೆತ್ತಿಕಲ್ಲು ಎಂದರೆ ಕಡಲೊಳಗಿನ ಒಂಟಿ ಬಂಡೆ, ಇಳಿತದಲ್ಲಿ ಮಾತ್ರ ತಲೆ ಕಾಣುತ್ತದೆ. ಹೊರಗಿನವನಿಗೆ ಅದರ ಹೆಸರು ಗೊತ್ತಿರಲು ಸಾಧ್ಯವಿಲ್ಲ.

ಹೀಗೆ ತುಣುಕು ತುಣುಕು ಸಿಗುತ್ತಿತ್ತು, ಅವಳಿಗೆ ಬೇಕಾದ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಇದ್ದಾನೋ, ಇಲ್ಲವೋ. ಒಂದು ಚಳಿಗಾಲದಲ್ಲಿ ಅದು ಗೊತ್ತಾಗಲೇಬೇಕಾದ ಕಾಲ ಬಂತು. ತದಡಿಯ ಕಡೆಯಿಂದ ಮಾದೇವಿಗೆ ಗಂಡು ಬಂದಿತ್ತು. ಹುಡುಗ ಒಳ್ಳೆಯವನು, ಮಾದೇವಿಗೂ ಮನಸ್ಸಿತ್ತು. ಅವರ ಮನೆಯವರು ಕೇಳಿದ್ದು ಒಂದೇ. ಹುಡುಗಿಯ ತಂದೆ ಇದ್ದರೆ ಧಾರೆಯೆರೆಯಲು ಬರಲಿ, ಇಲ್ಲವಾದರೆ ಕರೆದು ಮುಗಿಸಿ, ಸುಗ್ಗಿ ಹುಣ್ಣಿಮೆಯೊಳಗೆ. ಸತ್ತವನೂ ಅಲ್ಲದ, ಬದುಕಿದವನೂ ಅಲ್ಲದವನ ಮಗಳನ್ನು ತರುವುದು ಹೇಗೆ ಎಂದು ಅವರ ಅಂಜಿಕೆ. ಅದು ತಪ್ಪೆಂದು ನನಗೂ ಅನ್ನಿಸಲಿಲ್ಲ.

"ನಾ ಕಾಯ್ತೆ ಅವ್ವಿ. ಬೇಕಾರೆ ಮದುವೆನೇ ಬೇಡ," ಅಂದಳು ಮಾದೇವಿ.

ಬೀರಮ್ಮ ಬಾವಿಗೆ ಹೋದಳು. ತುಂಬಿದ್ದ ಕೊಡವನ್ನು ಚೆಲ್ಲಿ ಮತ್ತೆ ತುಂಬಿದಳು.

ಆ ವಾರವೇ ಗದಗದಿಂದ ನೀಲವ್ವ ಬಂದಳು. ಖಾನಾವಳಿ ನಡೆಸುವ ಹೆಂಗಸು, ಎಂದೋ ಗಂಡನನ್ನು ಕಳೆದುಕೊಂಡವಳು. ಒಲೆಯ ಮುಂದೆ ನಿಂತು ನಿಂತು ಮೊಣಕಾಲು ಸೋತಿತ್ತು. ಚಳಿಗೆ ಅದು ಇನ್ನೂ ಹಿಡಿಯುತ್ತದೆ, ಒಂದಷ್ಟು ದಿನ ಬೆಚ್ಚಗಿನ ಊರಿಗೆ ಹೋಗಿ ಸುಮ್ಮನೆ ಕೂತು ಬಾ ಎಂದು ಡಾಕ್ಟರು ಹೇಳಿದ್ದರಂತೆ. ಜನ್ಮದಲ್ಲಿ ಮೊದಲ ಸಲ ಖಾನಾವಳಿಗೆ ಬೀಗ ಹಾಕಿ ಬಂದಿದ್ದಳು. ಕೈಯಲ್ಲಿ ಚೀಲ, ಚೀಲದಲ್ಲಿ ಒಂದು ಕಟ್ಟು ಕಟಕ ರೊಟ್ಟಿ.

"ಏನ ತಂಗಿ, ರೂಮ್ ಐತೇನ? ಮೂರ ಕಡೆ ಕೇಳಿ ಬಂದೆ. ಒಂದ ಕಡೆ ಸಮುದ್ರಾನ ಕಾಣ್ಸಂಗಿಲ್ಲ, ಎರಡ ಕಡೆ ಬಾಡಿಗಿ ಕೇಳಿದ್ರ ಕಣ್ಣ ಕಾಣ್ಸಂಗಿಲ್ಲ. ನನಗ ನೀರ ಕಾಣಬೇಕು, ಸಂಡಾಸ ಸ್ವಚ್ಛ ಇರಬೇಕು. ಇಷ್ಟ ನೋಡು."

ಬೀರಮ್ಮ ಬಹಳ ದಿನಗಳ ಮೇಲೆ ನಕ್ಕಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನೀಲವ್ವ ಚೀಲ ಇಟ್ಟವಳೇ ಕಡಲಿಗೆ ಹೋಗಿ, ಸೀರೆ ಎತ್ತಿಕಟ್ಟಿ, ಮೊಣಕಾಲಿಗೆ ಅಲೆ ಬಡಿಸಿಕೊಂಡು ಕತ್ತಲಾಗುವವರೆಗೆ ನಿಂತಿದ್ದಳು. ರಾತ್ರಿ ಅವಳೂ ಗೋಡೆಗೆ ಒತ್ತಿಕೊಂಡು ಮಲಗಿದಳು.

ಬೆಳಗ್ಗೆ ಚಹಾ ಬಂತು. "ನಿದ್ದೆ ಬಂತಾ ಅಕ್ಕ? ಕನಸು ಬಿತ್ತಾ?"

ನೀಲವ್ವ ಬಸಿಗೆ ಚಹಾ ಬಗ್ಗಿಸಿಕೊಂಡು ಊದಿದಳು. "ಕನಸಲ್ಲವಾ. ನಿನ್ನ ಮಂಚದಾಗ ನನ್ನ ಬಾಜೂಕ ಯಾರೋ ಮಲಗಿದ್ರು. ಗಂಡಸು. ಮೈಯಾಗ ಉಪ್ಪಿನ ವಾಸನಿ. ಕೆಟ್ಟಂವ ಅಲ್ಲ, ಪಾಪ, ಆ ಕಡೆ ಮಾರಿ ಮಾಡಿ ಮಲಗಿದ್ದ. ಯಾರಂವ?"

ಇಷ್ಟು ನೇರವಾಗಿ ಅದನ್ನು ಯಾರೂ ಹೇಳಿರಲಿಲ್ಲ. ಬೀರಮ್ಮ ಹೊಸ್ತಿಲ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಬಿಚ್ಚದ ಬುತ್ತಿ, ಎಂಟು ಜನ ಎಳೆದ ಖಾಲಿ ದೋಣಿ, ತದಡಿಯವರ ಮಾತು. ಹೇಳಿ ಮುಗಿಸಿ ನೀಲವ್ವನ ಕೈ ಹಿಡಿದುಕೊಂಡಳು.

"ಇವತ್ತು ನೀವೇ ಕೇಳಿ ಅಕ್ಕ. ಇದ್ದಾರಾ, ಇಲ್ಲಾ, ಅದೊಂದು ಕೇಳಿ."

"ನಿನ್ನ ಗಂಡನ್ನ ನಾ ಯಾಕ ಕೇಳ್ಲಿ? ನೀನ ಮಲಗು, ನೀನ ಕೇಳು."

"ನಮ್ಮಲ್ಲಿ ಹೆಂಡ್ತಿ ಗಂಡನ ದೋಣಿ ಹತ್ತೂದಿಲ್ಲ."

"ದೋಣಿ ಎಲ್ಲೈತಿ? ಇದಕ್ಕ ನಾಕ ಕಾಲ ಅದಾವು. ನಾ ಬಾಡಿಗಿ ಕೊಟ್ಟಿದ್ದು ಮಂಚಕ್ಕ."

ಬೀರಮ್ಮ ಹಿಡಿದಿದ್ದ ಕೈಯನ್ನು ಬಿಟ್ಟಳು. ನೀಲವ್ವನಿಗೆ ಅರ್ಥವಾಗದ್ದು ನನಗೆ ಅರ್ಥವಾಗುತ್ತಿತ್ತು. ನಾನು ದೋಣಿಯಾಗಿದ್ದರೆ ಹೊನ್ನಯ್ಯ ಇನ್ನೂ ಕಡಲಲ್ಲಿದ್ದಾನೆ, ಇಂದಲ್ಲ ನಾಳೆ ಬರುತ್ತಾನೆ. ನಾನು ಮಂಚವೆಂದು ಒಪ್ಪಿ ಅವಳು ಹತ್ತಿದರೆ, ಬರುವವನು ಯಾರೂ ಇಲ್ಲ. ತಿಳಿಯಬೇಕಾದರೆ ಹತ್ತಬೇಕು, ಹತ್ತಿದರೆ ತಿಳಿಯಲು ಏನೂ ಉಳಿಯುವುದಿಲ್ಲ. ಇಷ್ಟು ವರ್ಷ ನನ್ನ ಸುತ್ತ ಗುಡಿಸಿದವಳು ಆ ಗಂಟಿನಲ್ಲೇ ಸಿಕ್ಕಿಕೊಂಡಿದ್ದಳು. ನನಗೆ ಅವಳ ಮೇಲೆ ಅಷ್ಟು ಕನಿಕರ ಹುಟ್ಟಿದ್ದು ಆ ದಿನವೇ.

ಮರುದಿನ ಮಧ್ಯಾಹ್ನ, ಕೇರಿಯವರೆಲ್ಲ ಉಂಡು ನೆರಳು ಸೇರಿದ್ದಾಗ, ಬೀರಮ್ಮ ಕೋಣೆಗೆ ಬಂದಳು. ಬಚ್ಚಲಿಗೆ ಹೋಗಿ ಕಾಲು ತೊಳೆದಳು. ನೀಲವ್ವ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಕಾವಲು ಕೂತಳು. ಬೀರಮ್ಮ ಮೊದಲು ಒಂದು ಕೈ ಇಟ್ಟಳು. ಆಮೇಲೆ ಮೊಣಕಾಲು. ಆಮೇಲೆ ಕಣ್ಣು ಮುಚ್ಚಿಕೊಂಡು ಪೂರ್ತಿ ಬಂದಳು. ಗೋಡೆಯ ಕಡೆಗೆ ಸರಿದು ಮಲಗಿದಳು. ಅವಳ ಭಾರ ಬಹಳ ಕಡಿಮೆ. ಪಕ್ಕದ ಭಾರ ಅಲುಗಲಿಲ್ಲ. ಹೊರಗೆ ಕಡಲು ಸದ್ದು ನಿಲ್ಲಿಸಿತ್ತು, ಒಂದು ಅಲೆಯೂ ಮುರಿಯುತ್ತಿರಲಿಲ್ಲ. ಅವಳಿಗೆ ನಿದ್ದೆ ಹತ್ತಿತು, ನಾನು ಹೊತ್ತುಕೊಂಡಿದ್ದ ಆ ಮಧ್ಯಾಹ್ನ ಅವಳೊಳಗೆ ಇಳಿಯಿತು.

ನೆತ್ತಿಕಲ್ಲಿನ ಆಚೆ ನಾವಿದ್ದೆವು. ಹೊನ್ನಯ್ಯ ಅರ್ಧ ಬಲೆ ಬಿಟ್ಟಿದ್ದ. ಆಗ ಯಾರೋ ಅವನ ಹೆಸರು ಹಿಡಿದು ಕರೆದರು. ದಡದ ಕಡೆಯಿಂದಲ್ಲ, ಪಡುವಲಿಂದ, ನೀರು ಬಿಟ್ಟರೆ ಏನೂ ಇಲ್ಲದ ಕಡೆಯಿಂದ. ಹೆಂಗಸಿನ ದನಿ. ಬೀರಮ್ಮನ ದನಿ. ಹೊನ್ನಯ್ಯ ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿ ನೋಡಿದ. ಮುಖದಲ್ಲಿ ಅಂಜಿಕೆಗಿಂತ ಆಶ್ಚರ್ಯವೇ ಹೆಚ್ಚು, ಏಕೆಂದರೆ ಬೀರಮ್ಮ ಅವನ ಹೆಸರನ್ನು ಎಂದೂ ಹೇಳಿದವಳಲ್ಲ. ಆ ಕೇರಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಶಾಲೆಯಲ್ಲಿ ಮಾಸ್ತರರು ಹುಡುಗಿಯ ತಂದೆಯ ಹೆಸರೇನು ಎಂದು ಕೇಳಿದಾಗಲೂ ಅವಳು ಮಾದೇವಿಯನ್ನು ತಿವಿದು ಅವಳ ಬಾಯಿಂದಲೇ ಹೇಳಿಸಿದ್ದಳು. ಕಡಲಲ್ಲಿ ಯಾರೇ ಕರೆದರೂ ಮೂರು ಸಲ ಕರೆಯುವತನಕ ಓಗೊಡಬಾರದು ಎಂದು ಅಂಬಿಗರ ಮಗುವಿಗೂ ಗೊತ್ತು. ಹೊನ್ನಯ್ಯ ಓಗೊಡಲಿಲ್ಲ, ಕಾದ. ಎರಡನೆಯ ಸಲ ಕರೆ ಬಂತು. ದನಿಯಲ್ಲಿ ಸೋತವರ ನಡುಕವಿತ್ತು. ಅವನು ಹುಟ್ಟನ್ನು ಕೆಳಗಿಟ್ಟ.

"ಅವ್ವೀ, ಗಂಜಿ ಆರ್ತು," ಎಂದು ಮಾದೇವಿ ಅಡುಗೆಮನೆಯಿಂದ ಕೂಗಿದಳು. ಬೀರಮ್ಮ ತಟ್ಟನೆ ಎದ್ದು ಕೂತಳು. ಅಲ್ಲಿಗೆ ಕನಸು ಮುಗಿಯಿತು. ಮೂರನೆಯ ಕರೆಯನ್ನು ಅವಳು ಕೇಳಲಿಲ್ಲ.

ನನ್ನಿಂದ ಇಳಿದು ನೆಲಕ್ಕೆ ಕೂತು ಅವಳು ಅತ್ತಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾರೋ ನನ್ನ ದನಿಲಿ ಕರ್ದ್ರು ಅಕ್ಕ. ನಾನಲ್ಲ ಅದು. ನಾ ಅವ್ರ ಹೆಸ್ರು ಜನ್ಮದಲ್ಲಿ ಹೇಳ್ಲಿಲ್ಲ. ಕಡಲೇ ನನ್ನ ದನಿ ಕದ್ಕಂಡು ಕರ್ದು ತಕಂಡು ಹೋಯ್ತು. ಅವ್ರು ಇಲ್ಲ."

ನೀಲವ್ವ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. "ಅಳು ತಂಗಿ. ತಡಾ ಆಗೇತಿ, ಅತ್ತಬಿಡು."

ಆ ಸಂಜೆಯೇ ಬೀರಮ್ಮ ಕೇರಿಯ ಹಿರಿಯನಾದ ಬುಧವಂತನಿಗೆ ಹೇಳಿ ಕಳಿಸಿದಳು. ದಿನ ಗೊತ್ತಾಯಿತು. ನೀಲವ್ವ ಖಾನಾವಳಿಯನ್ನು ಮರೆತು ಉಳಿದುಕೊಂಡಳು.

ಕರೆಯುವುದು ಮಧ್ಯಾಹ್ನವೇ. ಕೋಣೆಯ ಕಿಟಕಿಯ ನೇರಕ್ಕೆ ನೀರಂಚಿನಲ್ಲಿ ನಿಂತಿದ್ದರು, ಬೀರಮ್ಮ, ಅವಳ ಹಿಂದೆ ಮಾದೇವಿ, ಪಕ್ಕದಲ್ಲಿ ಬುಧವಂತ, ದೂರದಲ್ಲಿ ಕೇರಿಯವರು. ಹೊರಗಿನವಳು ಬರಬಾರದೆಂದು ನೀಲವ್ವ ಒಳಗೆ ನನ್ನ ಮೇಲೆ ಕೂತು ಕಿಟಕಿಯಿಂದ ನೋಡುತ್ತಿದ್ದಳು. ಬೀರಮ್ಮ ಮದುವೆಯಾಗಿ ಬಂದ ಮೇಲೆ ಆ ಕೇರಿಯಲ್ಲಿ ಯಾರನ್ನೂ ಹೀಗೆ ಕರೆದದ್ದಿಲ್ಲ, ಏನು ಮಾಡಬೇಕೆಂಬುದು ಬುಧವಂತನಿಗೆ ಮಾತ್ರ ಗೊತ್ತಿತ್ತು.

"ನೀನೇ ಕರೀಬೇಕು ಬೀರಮ್ಮ," ಅಂದ ಅವನು. "ಹೆಸ್ರು ಹಿಡ್ದು, ಮೂರು ಸಲ. ಜೀವ ಇದ್ರೆ ಬರ್ಲಿ, ಇಲ್ದಿದ್ರೆ ಕೇಳ್ಕಂಡು ಹೋಗ್ಲಿ. ಹೆಂಡ್ತಿ ಬಾಯಲ್ಲಿ ಹೇಳ್ದೆ ಉಳ್ದ ಹೆಸ್ರು, ಅದಕ್ಕೇ ಅದು ಅಷ್ಟು ದೂರ ಮುಟ್ಟೂದು."

ಬೀರಮ್ಮ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಮತ್ತೆ ತೆರೆದಳು.

"ಹೊನ್ನಯ್ಯಾ."

ನನ್ನ ಹಲಗೆಗಳು ಒಮ್ಮೆಲೇ ನಡುಗಿದವು. ನೀಲವ್ವ ಬೆಚ್ಚಿ ಎದ್ದು ನಿಂತಳು. ಅದೇ ದನಿ. ಎಷ್ಟೋ ವರ್ಷ ಹಿಂದಿನ ಆ ಮಧ್ಯಾಹ್ನ ನೆತ್ತಿಕಲ್ಲಿನ ಆಚೆ ನಾನೂ ಅವನೂ ಕೇಳಿದ್ದು ಇದನ್ನೇ. ಮೊದಲ ಅಕ್ಷರ ಸರಿಯಾಗಿ ಹೊರಡದೆ ಒಡೆದದ್ದು, ಕೊನೆ ಎಳೆದದ್ದು, ಎಲ್ಲವೂ ಅದೇ. ಕಡಲು ಅವಳ ದನಿಯನ್ನು ಕದ್ದಿರಲಿಲ್ಲ. ಇಂದು ಅವಳು ಕರೆದದ್ದು ಅಂದು ಅವನಿಗೆ ಮುಟ್ಟಿತ್ತು.

ಬೀರಮ್ಮನಿಗೂ ಅದು ತಿಳಿಯಿತು. ಅವಳ ಕೈ ತನ್ನ ಕೊರಳಿಗೆ ಹೋಯಿತು. ತಿರುಗಿ ಕಿಟಕಿಯತ್ತ, ನನ್ನತ್ತ ನೋಡಿದಳು. ಅಂಥ ಮುಖವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ.

"ಕರಿ," ಅಂದ ಬುಧವಂತ.

ಎರಡನೆಯ ಸಲ ಕರೆದಳು. ಬೇಕೆಂದಲ್ಲ, ಬಾಯಿಗೆ ಬಂದುಬಿಟ್ಟಿತು. ಆಮೇಲೆ ನಿಂತುಬಿಟ್ಟಳು. ನೀರು ಅವಳ ಪಾದಕ್ಕೆ ಬಂದು ಹೋಯಿತು. ಅವಳ ತಲೆಯಲ್ಲಿ ಏನಿತ್ತೆಂದು ನನಗೆ ಗೊತ್ತು. ಇಲ್ಲಿಗೆ ಬಾಯಿ ಮುಚ್ಚಿದರೆ, ಅಲ್ಲಿ ಆ ಮಧ್ಯಾಹ್ನ, ಕೆಳಗಿಟ್ಟ ಹುಟ್ಟನ್ನು ಅವನು ಮತ್ತೆ ಎತ್ತಿಕೊಳ್ಳಬಹುದು. ಬಲೆ ಎಳೆದುಕೊಂಡು, ಬುತ್ತಿ ಬಿಚ್ಚಿ, ಸಂಜೆಗೆ ಮನೆಗೆ ಬರಬಹುದು.

"ಸಾಕು ಅವ್ವಿ," ಅಂದಳು ಮಾದೇವಿ ಹಿಂದಿನಿಂದ. "ಬಾ, ಮನೆಗೆ ಹೋಗುವಾ. ನನಗೆ ಎಂತದೂ ಬೇಡ."

ಆ ಹುಡುಗಿಗೆ ಏನೂ ತಿಳಿದಿರಲಿಲ್ಲ, ತಾಯಿ ದುಃಖ ತಡೆಯಲಾರದೆ ನಿಂತಳೆಂದುಕೊಂಡಿದ್ದಳು. ಬೀರಮ್ಮ ತಿರುಗಿ ಮಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಹತ್ತಿರ ಕರೆದು ಅವಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ಮತ್ತೆ ಕಡಲಿಗೆ ಮುಖ ಮಾಡಿ ಮೂರನೆಯ ಸಲ ಕರೆದಳು. ಕೂಗಲಿಲ್ಲ. ಎಲೆ ಹಾಕಿ ಆಗಿದೆ, ಅಂಗಳದಲ್ಲಿ ಕೂತವನನ್ನು ಊಟಕ್ಕೆ ಕರೆಯಬೇಕು, ಹಾಗೆ ಕರೆದಳು.

ನನ್ನ ಮೇಲಿನ ಭಾರ ಎದ್ದು ಹೋಯಿತು.

ಬೊಂಬೆ ಸುಟ್ಟರು. ಪುಟ್ಟಾಚಾರಿ ಬಂದು ನನ್ನ ಮೂಗು ಕೊಯ್ದ, ಇಳಿತದ ನೀರು ಅದನ್ನು ತೆಗೆದುಕೊಂಡು ಹೋಯಿತು. ಸುಗ್ಗಿ ಹುಣ್ಣಿಮೆ ಕಳೆದ ಮೇಲೆ ಮಾದೇವಿ ತದಡಿಗೆ ಹೋದಳು. ಈಗ ಅವಳಿಗೆ ಮಕ್ಕಳಿದ್ದಾರೆ. ನೀಲವ್ವ ಪ್ರತಿ ವರ್ಷ ಚಳಿಗಾಲಕ್ಕೆ ಬರುತ್ತಾಳೆ, ಆ ದಿನದ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.

ನನಗೆ ವಯಸ್ಸಾಯಿತು. ಒಂದು ಕಾಲಿಗೆ ಗೆದ್ದಲು ಹಿಡಿದು ಅದರಡಿ ಕಲ್ಲು ಇಟ್ಟಿದ್ದಾರೆ. ಬಾಡಿಗೆ ಕೋಣೆಗೆ ಕಬ್ಬಿಣದ ಮಂಚ ಬಂತು, ನನ್ನನ್ನು ಒಳಮನೆಯ ಮೂಲೆಗೆ ಹಾಕಿದರು. ಬೀರಮ್ಮ ಈಗ ನನ್ನ ಮೇಲೆಯೇ ಮಲಗುತ್ತಾಳೆ. ಮಂಚ ಹತ್ತಲು ಅವಳಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ನನ್ನ ಮೇಲೆ ಮಲಗಿದವರಿಗೆ ಈಗ ಯಾವ ಕನಸೂ ಬೀಳುವುದಿಲ್ಲ. ದೋಣಿಯಾಗಿದ್ದಾಗ ನನಗೆ ಹೇಳಲು ಬರುತ್ತಿತ್ತು, ಅವಳು ಹತ್ತಲಿಲ್ಲ. ಈಗ ಅವಳು ಬರುತ್ತಾಳೆ, ನನಗೆ ಹೇಳಲು ಬರುವುದಿಲ್ಲ. ಕೆಲವೊಮ್ಮೆ ಅವಳು ನಿದ್ದೆ ಬಾರದೆ ಹೊರಳುತ್ತಾಳೆ, ಗೋಡೆಗೆ ಮುಖ ಮಾಡಿಕೊಂಡು, "ಹೆದ್ರಿದ್ರಾ?" ಎಂದು ಕೇಳುತ್ತಾಳೆ. ನನ್ನನ್ನೋ, ಅವನನ್ನೋ, ತಿಳಿಯದು.

ಅವಳು ಕೇಳದೆ ಉಳಿದ ಆ ಮೂರನೆಯ ಕರೆಗೆ ಏನಾಯಿತೆಂದು ನನ್ನೊಬ್ಬನಿಗೇ ಗೊತ್ತು. ಅದಕ್ಕೇ ನಿಮಗೆ ಇಷ್ಟೆಲ್ಲ ಹೇಳಿದೆ. ಚಳಿಗಾಲದಲ್ಲಿ ನೀವು ಯಾರಾದರೂ ನಾಲ್ಕು ದಿನ ಸುಮ್ಮನೆ ಕೂತು ಬರೋಣವೆಂದು ಕಡಲ ಮುಂದಿನ ಒಂದು ಸಾದಾ ಕೋಣೆ ಹುಡುಕಿಕೊಂಡು ಹೊರಟರೆ, ಅಳ್ವೆಕೇರಿಗೆ ಹೋಗಿ. ಬಾಡಿಗೆ ಈಗಲೂ ಹೆಚ್ಚಿಲ್ಲ. ಬೀರಮ್ಮ ಸಿಕ್ಕರೆ ಅವಳಿಗೆ ಹೇಳಿ. ಮೂರನೆಯ ಕರೆ ಕೇಳಿ ಹೊನ್ನಯ್ಯ ಹೆದರಲಿಲ್ಲ. ನಕ್ಕ. ಕೈ ಒರೆಸಿಕೊಂಡು, "ಬಂದೆ," ಅಂದ. ಜಗಲಿಯಿಂದ ಅಂಗಳಕ್ಕೆ ಇಳಿಯುವ ಹಾಗೆ ಇಳಿದು ಹೋದ.